ಟೇಪ್ ಬಂದ್ ಮಾಡ್ರಿ

ಬೇಸಿಗೆ ರಜೆಗೆ ಸವಡಿಗೆ ಬಂದ ಮೊಮ್ಮಗ ಅಟ್ಟದಿಂದ ಒಂದು ಕ್ಯಾಸೆಟ್ ತಂದ. ನನ್ನ ಹೆಂಡತಿ ಹಾಡಿದ ಬೀಸುವ ಪದಗಳು. ಆಕೆ ತೀರಿಕೊಂಡು ಆರು ವರ್ಷ.

"ಅಜ್ಜಾ, ಆಯಿ ಹಾಡು ಕಾರಿನ್ಯಾಗ ಕೇಳೂಣು."

ನಮ್ಮ ಹಳೇ ಕಾರಿಗೆ ರೇಡಿಯೋನೂ ಇಲ್ಲ. ಗದಗಿನಿಂದ ಟಿಡಿಎ2003 ಎಂಬ ಐದು ಕಾಲಿನ ಐಸಿ ತಂದು, ಅಲ್ಯೂಮಿನಿಯಂ ತಗಡಿಗೆ ಬಿಗಿದು ಬೆಸುಗೆ ಹಾಕಿದೆ. ಕಾರಿನ 12 ವೋಲ್ಟ್ ಬ್ಯಾಟರಿಗೆ ಹೊಂದುವಂಥದ್ದು ಅದು. ನಡುವೆ ಫ್ಯೂಜ್ ಮರೆಯಲಿಲ್ಲ, ಬ್ಯಾಂಕಿನ ಅಭ್ಯಾಸ.

ಮನೆಯ ಟೇಪ್ ರೆಕಾರ್ಡರಿನ ಸ್ಪೀಕರ್ ವೈರನ್ನೇ ಅದಕ್ಕೆ ಕೊಟ್ಟೆ. ಹಾಡಲ್ಲ, ತಗಡು ಹರಿದ ಸದ್ದು! ಕ್ಯಾಸೆಟ್ಟೇ ಕೆಟ್ಟಿತೇನೋ ಎಂದು ಕೈ ನಡುಗಿತು. ಬೇರೆ ಪ್ರತಿ ಇಲ್ಲ.

ರಾತ್ರಿ ಹೊಳೆಯಿತು. ಈ ಐಸಿ ಬಂದದ್ದನ್ನು ಸುಮಾರು 100 ಪಟ್ಟು ಮಾಡುತ್ತದೆ. ಆದರೆ ಬ್ಯಾಟರಿಯಲ್ಲಿರುವುದೇ 12 ವೋಲ್ಟ್. ಖಾತೆಯಲ್ಲಿ ಇಲ್ಲದ್ದನ್ನು ಎಲ್ಲಿಂದ ಕೊಟ್ಟೀತು? ಮೊದಲೇ ದೊಡ್ಡದಾದ ಸಿಗ್ನಲ್ ಬಂದರೆ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. 10 ಕಿಲೋ ಓಮ್, 1 ಕಿಲೋ ಓಮ್ ರೆಸಿಸ್ಟರ್ ಸರಣಿಯಲ್ಲಿ ಜೋಡಿಸಿ, ಚಿಕ್ಕದರ ಮೇಲಿನ ಹನ್ನೊಂದರಲ್ಲೊಂದು ಪಾಲು ಮಾತ್ರ ಕೊಟ್ಟೆ. ಟೇಪಿನ ವಾಲ್ಯೂಮನ್ನೂ ಇಳಿಸಿದೆ.

ರೋಣದ ದಾರಿಯಲ್ಲಿ ಆಕೆಯ ದನಿ ಬಂತು, ಬೀಸುಕಲ್ಲಿನ ಗುರುಗುರು ಸಹಿತ. ನಡುವೆ ಕೆಮ್ಮಿ, "ಟೇಪ್ ಬಂದ್ ಮಾಡ್ರಿ" ಅಂದದ್ದೂ.

ಮೊಮ್ಮಗ ನಕ್ಕ. ನಾನು ಬಂದ್ ಮಾಡಲಿಲ್ಲ.