ಬಹುವಚನ

ನಮ್ಮ ಮನೆಯಲ್ಲಿ ಎಂಟು ವರ್ಷದ ಮೊಮ್ಮಗಳೊಬ್ಬಳಿದ್ದಾಳೆ. ಮೊನ್ನೆ ಸಂಜೆ ದೀಪ ಹಚ್ಚಿದ ಮೇಲೆ ಇಂಗ್ಲಿಷ್ ಪಾಠವನ್ನು ಮುಂದಿಟ್ಟುಕೊಂಡು ಕುಳಿತಿದ್ದವಳು ತಟ್ಟನೆ ತಲೆಯೆತ್ತಿ, “ತಾತ, ಅಜ್ಜಿಗೆ ನಾನು ‘ನೀನು’ ಅನ್ನುತ್ತೇನೆ, ನಿಮಗೆ ‘ನೀವು’ ಅನ್ನುತ್ತೇನೆ. ಇಂಗ್ಲಿಷಿನಲ್ಲಿ ಇಬ್ಬರಿಗೂ ‘ಯು’ ಒಂದೇ. ಅವರಿಗೆ ಮರ್ಯಾದೆಯೇ ಗೊತ್ತಿಲ್ಲವೆ?” ಎಂದು ಕೇಳಿದಳು. ಪ್ರಶ್ನೆ ಚಿಕ್ಕದು. ಉತ್ತರ ಹೇಳಹೊರಟ ನಾವು ಮಾತ್ರ ಎಲ್ಲೆಲ್ಲಿಯೋ ಸುತ್ತಿ, ಕೊನೆಗೆ ನಮ್ಮ ಬಾಲ್ಯದ ಊರಿನ ಹಳ್ಳದ ದಡಕ್ಕೆ ಬಂದು ನಿಂತೆವು.

ಇಂಗ್ಲಿಷರಿಗೆ ಮರ್ಯಾದೆ ತಿಳಿಯದೆಂಬುದು ಸರಿಯಲ್ಲ. ಹಿಂದೆ ಅವರಲ್ಲಿಯೂ ಏಕವಚನಕ್ಕೆ ‘ದೌ’ ಎಂಬ ಬೇರೆ ಶಬ್ದವಿದ್ದಿತು. ‘ಯು’ ಎಂಬುದು ಬಹುವಚನಕ್ಕೆ ಸೇರಿದ ಮಾತು. ಒಡೆಯರನ್ನೂ ಹಿರಿಯರನ್ನೂ ಬಹುವಚನದಿಂದ ಕರೆಯುವ ವಾಡಿಕೆ ಹುಟ್ಟಿ, ಬರಬರುತ್ತ ಎಲ್ಲರಿಗೂ ಅದೇ ಸಂದು, ಹದಿನೇಳನೆಯ ಶತಮಾನವು ಮುಗಿಯುವ ಹೊತ್ತಿಗೆ ‘ದೌ’ ಎಂಬುದು ದಿನಬಳಕೆಯಿಂದ ಬಹುಮಟ್ಟಿಗೆ ಜಾರಿಹೋಯಿತು. ಅವರು ಕಳೆದುಕೊಂಡದ್ದು ‘ನೀವು’ ಅಲ್ಲ, ‘ನೀನು’. ಆ ಶತಮಾನದಲ್ಲಿಯೇ ಕ್ವೇಕರರೆಂಬ ಧಾರ್ಮಿಕ ಪಂಗಡದವರು, ದೇವರ ಮುಂದೆ ಎಲ್ಲರೂ ಸಮಾನರಾಗಿರುವಾಗ ಒಬ್ಬ ಮನುಷ್ಯನಿಗೆ ಬಹುವಚನವೇತಕ್ಕೆಂದು, ನ್ಯಾಯಾಧೀಶನನ್ನು ಕೂಡ ‘ದೌ’ ಎಂದೇ ಕರೆದರು. ಅವನ ಮುಂದೆ ಟೋಪಿಯನ್ನೂ ತೆಗೆಯಲಿಲ್ಲ. ಇಂಥ ಹಟಕ್ಕಾಗಿ ಬೈಗಳನ್ನೂ ಪೆಟ್ಟುಗಳನ್ನೂ ಸೆರೆವಾಸವನ್ನೂ ಅನುಭವಿಸಿದರು.

ಫ್ರಾನ್ಸಿನವರು ಕ್ರಾಂತಿಯ ಕಾಲದಲ್ಲಿ, 1793ರಲ್ಲಿ, ಇದೇ ದಾರಿಯನ್ನು ಹಿಡಿದರು. ಪ್ರಭು, ಶ್ರೀಮಂತ ಎಂಬ ಬಿರುದುಗಳು ಮೊದಲೇ ಹೋಗಿದ್ದವು; ಈಗ ಎಲ್ಲರೂ ‘ಪೌರ’ರಾಗಿ ಒಬ್ಬರನ್ನೊಬ್ಬರು ‘ನೀನು’ ಎನ್ನಬೇಕೆಂಬುದಾಯಿತು. ಕೆಲವೇ ವರ್ಷಗಳಲ್ಲಿ ‘ನೀವು’ ಹಿಂದಿರುಗಿತು. ಸ್ವೀಡನ್ನಿನಲ್ಲಿಯಾದರೋ ಹಿರಿಯರೊಡನೆ ಮಾತನಾಡುವಾಗ ಸರ್ವನಾಮವನ್ನೇ ಬಿಟ್ಟು, “ಡಾಕ್ಟರರು ಕಾಫಿ ಕುಡಿಯುವರೇ?” ಎಂಬಂತೆ, ಎದುರಿಗೆ ಕುಳಿತವರನ್ನೇ ದೂರದವರಂತೆ ಕೇಳುವ ರೂಢಿಯಿದ್ದಿತು. 1967ರಲ್ಲಿ ಅಲ್ಲಿಯ ಸರ್ಕಾರಿ ವೈದ್ಯಕೀಯ ಮಂಡಳಿಯ ಮುಖ್ಯಸ್ಥರಾದ ಬ್ರೂರ್ ರೆಕ್ಸೆಡ್ ಅವರು, ತಾವು ಕಚೇರಿಯವರೆಲ್ಲರನ್ನೂ ‘ನೀನು’ ಎಂದೇ ಕರೆಯುವುದಾಗಿ ಸಾರಿದರು. ಆ ಕೆಲವು ವರ್ಷಗಳಲ್ಲಿ ಅದು ನಾಡಿಗೆಲ್ಲ ಹರಡಿತು. ಸಮಾನತೆಗೆ ಹೀಗೆ ಎರಡು ದಾರಿಗಳು: ಎಲ್ಲರನ್ನೂ ‘ನೀವು’ ಎಂಬಲ್ಲಿಗೆ ಏರಿಸುವುದು ಒಂದು, ಎಲ್ಲರನ್ನೂ ‘ನೀನು’ ಎಂಬಲ್ಲಿಗೆ ಕರೆತರುವುದು ಇನ್ನೊಂದು.

ನಮ್ಮ ಕನ್ನಡವು ಎರಡನ್ನೂ ಉಳಿಸಿಕೊಂಡಿದೆ. ಮೇಲೆ ‘ತಾವು’ ಎಂಬುದೂ ಉಂಟು. ಅವನು, ಆತ, ಅವರು ಎಂಬ ಮೆಟ್ಟಿಲುಗಳೂ ಉಂಟು. ಧಾರವಾಡದ ಕಡೆಯವರು ‘ರೀ’ ಎಂಬ ಒಂದೇ ಅಕ್ಷರವನ್ನು ಸೇರಿಸಿ ಮಾತಿಗೆಲ್ಲ ಗೌರವದ ಹೊದಿಕೆ ಹೊದಿಸುತ್ತಾರೆ. ಮರ್ಯಾದೆಯು ನಮ್ಮಲ್ಲಿ ಕ್ರಿಯಾಪದದ ತುದಿಯಲ್ಲಿಯೇ ಕುಳಿತಿರುವುದರಿಂದ, ‘ಬರುತ್ತೀಯಾ’ ಎನ್ನಬೇಕೋ ‘ಬರುತ್ತೀರಾ’ ಎನ್ನಬೇಕೋ ಎಂದು ನಿಶ್ಚಯಿಸದೆ ಬಾಯಿ ತೆರೆಯುವಂತಿಲ್ಲ. ನಿಶ್ಚಯ ತೋರದಾಗ “ಊಟವಾಯಿತೆ?”, “ಎಲ್ಲಿಗೆ ಹೊರಟದ್ದು?” ಎಂದು ನುಣುಚಿಕೊಳ್ಳುವ ಉಪಾಯವನ್ನು ನಮ್ಮ ವಾಚಕರೆಲ್ಲರೂ ಬಲ್ಲರು.

ಆದರೂ ಏಕವಚನವೆಲ್ಲ ಅಗೌರವವಲ್ಲ. ತಂದೆಗೆ ‘ತೀರ್ಥರೂಪರವರ ಪಾದಗಳಲ್ಲಿ’ ಎಂದು ಕಾಗದ ಬರೆಯುತ್ತಿದ್ದ ಮಗನು ತಾಯಿಯನ್ನು ‘ಅಮ್ಮಾ, ನೀನು’ ಎಂದೇ ಕರೆಯುತ್ತಿದ್ದನು. ಶರಣರೂ ದಾಸರೂ ದೇವರನ್ನು ‘ನೀನು’ ಎಂದೇ ಕರೆದು ಜಗಳವಾಡಿದರು. ಆ ‘ನೀನು’ ಎರಡು ಕಡೆಯಿಂದಲೂ ನಡೆಯುವಂಥದು. ತಾಯಿಯೂ ನಮ್ಮನ್ನು ‘ನೀನು’ ಎನ್ನುತ್ತಾಳೆ. ಒಂದು ಕಡೆಯಿಂದ ಹೋಗಿ ತಿರುಗಿ ಬಾರದ ‘ನೀನು’ ಇನ್ನೊಂದುಂಟು. ಬಸವಣ್ಣನವರು ತಮ್ಮ ಒಂದು ವಚನದಲ್ಲಿ ಸ್ವರ್ಗನರಕಗಳ ಭೇದವನ್ನು ನಾವು ಪರರನ್ನು ಕೂಗುವ ರೀತಿಯಲ್ಲಿಯೇ ಕಂಡದ್ದು ಇದನ್ನು ಕುರಿತೇ ಇರಬೇಕು. ಅಂಥ ‘ನೀನು’ ಎಂಬುದನ್ನು ನಾವೂ ಬಹುಕಾಲ ಆಡಿದವರು.

ನಮ್ಮ ಊರು ಮಂಡ್ಯದ ಸೀಮೆಯ ಒಂದು ಹಳ್ಳಿ. ನಮ್ಮ ಗದ್ದೆಯನ್ನು ವಾರಕ್ಕೆ ಮಾಡುತ್ತಿದ್ದವರೊಬ್ಬರಿದ್ದರು. ವಯಸ್ಸಿನಲ್ಲಿ ನಮ್ಮ ತಂದೆಗಿಂತ ಹಿರಿಯರು. ಮಳೆಗಾಲದಲ್ಲಿ ಹಳ್ಳ ಬಂದಾಗ, ಶಾಲೆಗೆ ಹೋಗುತ್ತಿದ್ದ ನಮ್ಮನ್ನು ಹೆಗಲ ಮೇಲೆ ಕೂರಿಸಿಕೊಂಡು ದಾಟಿಸುತ್ತಿದ್ದರು. ಸೊಂಟದವರೆಗಿನ ಕೆಂಪು ನೀರಿನಲ್ಲಿ ಕಾಲೂರಿ ನಡೆಯುತ್ತ, “ಚಿಕ್ಕಬುದ್ಧೀ, ಗಟ್ಟಿಯಾಗಿ ಹಿಡ್ಕೊಳ್ಳಿ” ಎನ್ನುತ್ತಿದ್ದರು. ಏಳು ವರ್ಷದ ನಾವು ಮೇಲಿನಿಂದ, “ಬೇಗ ನಡೆಯೋ, ಹೊತ್ತಾಯಿತು” ಎನ್ನುತ್ತಿದ್ದೆವು. ಇಂದು ಅವರನ್ನು ಕುರಿತು ಬಹುವಚನದಲ್ಲಿ ಬರೆಯುತ್ತಿದ್ದೇವೆ. ಅಂದು ಆಡಿದುದೆಲ್ಲ ಏಕವಚನ. ನಮ್ಮ ಮನೆಯಲ್ಲಿ ಯಾರೂ ತಿದ್ದಲಿಲ್ಲ. ನೆಂಟರೆದುರಿಗೆ ತೊಡೆಯ ಮೇಲೆ ಕಾಲು ಹಾಕಿ ಕುಳಿತರೆ ಗದರಿಸುತ್ತಿದ್ದ ನಮ್ಮ ಅಜ್ಜಿಯವರು ಕೂಡ ಇದನ್ನು ಕೇಳಿ ಸುಮ್ಮನಿರುತ್ತಿದ್ದರು.

1974ರಲ್ಲಿ ಭೂಸುಧಾರಣೆಯ ಕಾನೂನು ಬಲವಾಗಿ ಜಾರಿಗೆ ಬಂದು, ಉಳುವವರಿಗೇ ಭೂಮಿ ಎಂದಾದಾಗ, ಆ ಗದ್ದೆ ಅವರದಾಯಿತು. ಗದ್ದೆಯ ಒಡೆತನ ಬದಲಾಯಿತು. ನಮ್ಮ ನಾಲಗೆಯ ರೂಢಿ ಬದಲಾಗಲಿಲ್ಲ. ರಜೆಗೆಂದು ಊರಿಗೆ ಹೋದಾಗಲೆಲ್ಲ ಅವರು “ಯಾವಾಗ ಬಂದ್ರಿ ಬುದ್ಧೀ?” ಎನ್ನುವರು; ನಾವು “ಹೇಗಿದ್ದೀಯೋ?” ಎನ್ನುವೆವು. ಅದನ್ನು ಸಲಿಗೆಯೆಂದೇ ನಾವು ತಿಳಿದಿದ್ದೆವು. ಸಲಿಗೆಯಾಗಿದ್ದರೆ ಅವರೂ ಒಂದು ದಿನವಾದರೂ “ಬಾ ಮಗ” ಎನ್ನಬೇಕಾಗಿತ್ತಲ್ಲವೆ? ಈ ಪ್ರಶ್ನೆ ನಮಗೆ ಹೊಳೆಯಲೇ ಇಲ್ಲ.

ಕೆಲವು ವರ್ಷಗಳ ಹಿಂದೆ ಪಹಣಿಯ ನಕಲಿಗಾಗಿ ಕಚೇರಿಯೊಂದಕ್ಕೆ ಹೋಗಿದ್ದೆವು. ಅಲ್ಲಿಯ ಯುವ ಅಧಿಕಾರಿಗಳು ನಮ್ಮ ಊರನ್ನೂ ಮನೆತನವನ್ನೂ ಕೇಳಿ, ನಗುತ್ತ ಕುರ್ಚಿ ತೋರಿಸಿ, “ನೀವು ಕುಳಿತುಕೊಳ್ಳಿ. ನಾನು ನಿಮ್ಮ ಗದ್ದೆ ಮಾಡುತ್ತಿದ್ದವರ ಮೊಮ್ಮಗ” ಎಂದರು. ಬುದ್ಧಿ ಎನ್ನಲಿಲ್ಲ, ಸ್ವಾಮಿ ಎನ್ನಲಿಲ್ಲ, ‘ನೀವು’ ಎಂದರು. ಅದರಲ್ಲಿ ಕಡಮೆಯೇನೂ ಇರಲಿಲ್ಲ. ಆದರೂ ಒಳಗೆ ಎಲ್ಲಿಯೋ ಸಣ್ಣದೊಂದು ಮುಳ್ಳು ಚುಚ್ಚಿದಂತಾಯಿತೆಂಬುದನ್ನು ಮರೆಮಾಚದೆ ಒಪ್ಪಿಕೊಳ್ಳುತ್ತೇವೆ. ಚುಚ್ಚಿದ ಮರುಕ್ಷಣವೇ ನಾಚಿಕೆಯೂ ಆಯಿತು.

ಅವರ ತಾತನ ಕ್ಷೇಮವನ್ನು ವಿಚಾರಿಸಬೇಕೆಂದು ಬಾಯಿ ತೆರೆದೆವು. ‘ಅವನು’ ಎಂಬ ಮಾತು ಐವತ್ತು ವರ್ಷದ ಅಭ್ಯಾಸದಿಂದ ನಾಲಗೆಯ ತುದಿಗೆ ಬಂದು ನಿಂತಿತು. ಮೊಮ್ಮಗನ ಮುಖವನ್ನು ನೋಡಿ ಅದನ್ನು ನುಂಗಿ, “ಅವರು ಹೇಗಿದ್ದಾರೆ?” ಎಂದೆವು. ಅಧಿಕಾರಿಗಳು ಸ್ವಲ್ಪ ಸುಮ್ಮನಿದ್ದು, “ತೀರಿಕೊಂಡು ಎರಡು ವರ್ಷವಾಯಿತು. ನಿಮ್ಮನ್ನು ಹಳ್ಳ ದಾಟಿಸುತ್ತಿದ್ದುದನ್ನು ಯಾವಾಗಲೂ ಹೇಳುತ್ತಿದ್ದರು” ಎಂದರು. ನಮ್ಮ ಬಾಯಿಂದ ಅವರಿಗೆ ಬಂದ ಮೊದಲನೆಯ ಬಹುವಚನವನ್ನು ಕೇಳಲು ಅವರೇ ಇರಲಿಲ್ಲ.

1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ತನ್ನ 18ನೆಯ ವಿಧಿಯಲ್ಲಿ, ಸೈನ್ಯದ ಮತ್ತು ವಿದ್ಯೆಯ ಪದವಿಗಳನ್ನುಳಿದು ಸರ್ಕಾರವು ಯಾರಿಗೂ ಬಿರುದು ಕೊಡಕೂಡದೆಂದು ವಿಧಿಸಿತು. ರಾವ್ ಬಹಾದ್ದೂರರ ಕಾಲ ಮುಗಿಯಿತು. ಆದರೆ ಹೊಸ್ತಿಲಿನ ಒಳಗೆ ಕ್ರಿಯಾಪದದ ತುದಿಯನ್ನು ತಿದ್ದುವ ಕೆಲಸ ಯಾವ ವಿಧಿಯಿಂದಲೂ ಆಗತಕ್ಕದ್ದಲ್ಲ. ಅದು ಗೃಹಸ್ಥರಾದ ನಮ್ಮದೇ. ಮಕ್ಕಳು ನೆಂಟರೊಡನೆ ನಾವಾಡುವುದನ್ನು ಮಾತ್ರವಲ್ಲ, ಬಾಗಿಲಿಗೆ ಬಂದವರೊಡನೆ ಆಡುವುದನ್ನೂ ಕೇಳಿ ಕಲಿಯುತ್ತಾರೆ.

ಮೊಮ್ಮಗಳಿಗೆ ಇದೆಲ್ಲವನ್ನೂ ಹೇಳಲಿಲ್ಲ. ‘ದೌ’ ಎಂಬಲ್ಲಿಗೆ ಅವಳಿಗೆ ನಿದ್ದೆ ಬಂದಿತ್ತು. ಮರುದಿನ ಬೆಳಿಗ್ಗೆ ಹೂ ಮಾರುವ ವೃದ್ಧೆಯೊಬ್ಬರು ಬಂದು ಬುಟ್ಟಿ ಇಳಿಸಿದರು. ದಿನವೂ ಬರುವವರೇ. ಮೊಮ್ಮಗಳು ಪಕ್ಕದಲ್ಲಿ ನಿಂತಿದ್ದಳು. ನಾವು, “ಮೊಳಕ್ಕೆ ಎಷ್ಟು ತೆಗೆದುಕೊಳ್ಳುತ್ತೀರಿ, ಅಮ್ಮಾ?” ಎಂದು ಕೇಳಿದೆವು. ಆಕೆ ಉತ್ತರ ಕೊಡಲಿಲ್ಲ. ಬೇರೆ ಯಾರನ್ನೋ ಕೇಳಿದೆವೆಂದು, ತಿರುಗಿ ತಮ್ಮ ಬೆನ್ನ ಹಿಂದೆ ನೋಡಿದರು.