ನಡುವಿನ ಸ್ಪೀಕರ್

ಭಾನುವಾರ ಸಂಜೆ ಆರೂವರೆ. ಮೈಸೂರಿನ ನಮ್ಮ ಮನೆಯ ನಡುಮನೆಯಲ್ಲಿ ಟಿವಿ ಸ್ಟ್ಯಾಂಡನ್ನು ಗೋಡೆಯಿಂದ ಒಂದಡಿ ಮುಂದಕ್ಕೆಳೆದು, ಅದರ ಹಿಂದೆ ಮಂಡಿಯೂರಿ ಕೂತಿದ್ದೇನೆ. ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ವರ್ಷಗಟ್ಟಲೆಯ ದೂಳು ಮೇಲೇಳುತ್ತಿದೆ. ಆಚೆ, ಸೋಫಾದ ಎಡತುದಿಯ ತನ್ನ ಖಾಯಂ ಜಾಗದಲ್ಲಿ ಅಮ್ಮ. ಪರದೆಯ ಮೇಲೆ ರಿಷಬ್ ಶೆಟ್ಟಿಯವರ ‘ಕಾಂತಾರ’.

“ಏನಂದ್ಲೋ ಅವಳು? ಬರೀ ಮ್ಯೂಸಿಕ್ಕೇ ಕೇಳ್ಸತ್ತೆ, ಮಾತು ತಿಳಿಯಲ್ಲ.”

ಅಮ್ಮನಿಗೆ ಎಪ್ಪತ್ತಮೂರು, ಕಿವಿ ಸ್ವಲ್ಪ ಮಂದ. ಅದರ ಮೇಲೆ ಮೈಸೂರಿನ ಕಿವಿಗೆ ಕರಾವಳಿಯ ಕನ್ನಡ. ಟಿವಿಯೋ ಬಲು ತೆಳು. ಅದರ ಪುಟ್ಟ ಸ್ಪೀಕರುಗಳು ನೆಲದ ಕಡೆ ಮುಖ ಮಾಡಿಕೊಂಡಿವೆ.

ಸ್ಟ್ಯಾಂಡಿನ ಕೆಳಗಿರುವುದು 2008ರಲ್ಲಿ ಅಪ್ಪ ನಿವೃತ್ತಿಯ ದುಡ್ಡಿನಲ್ಲಿ ತಂದ ಹೋಂ ಥಿಯೇಟರ್. ಒಂದು ರಿಸೀವರ್, ಐದು ಸ್ಪೀಕರ್, ಒಂದು ಸಬ್‌ವೂಫರ್. “ಹಳೇದು ಸಾರ್, ಎಸೆದು ಸೌಂಡ್‌ಬಾರ್ ತಗೊಳ್ಳಿ” ಅಂದಿದ್ದರು ಅಂಗಡಿಯವರು. ಅಮ್ಮ ಒಪ್ಪಲಿಲ್ಲ. ಒಪ್ಪದೆ ಇದ್ದದ್ದೇ ಒಳ್ಳೆಯದಾಯಿತು.

ಟಿವಿಯ ಸದ್ದನ್ನು ಎಚ್‌ಡಿಎಂಐ ವೈರಿನಲ್ಲೇ ರಿಸೀವರಿಗೆ ವಾಪಸ್ ಕಳಿಸುವ ಎಆರ್‌ಸಿ ಬಂದದ್ದು 2009ರಲ್ಲಿ, ಎಚ್‌ಡಿಎಂಐ 1.4ರ ಜೊತೆಗೆ. ಅಪ್ಪನ ಪೆಟ್ಟಿಗೆ ಅದಕ್ಕಿಂತ ಒಂದು ವರ್ಷ ದೊಡ್ಡದು. ಸ್ಟ್ರೀಮಿಂಗ್ ಸ್ಟಿಕ್ಕನ್ನು ನೇರವಾಗಿ ರಿಸೀವರಿಗೇ ಚುಚ್ಚೋಣವೆಂದರೆ, ಆ ಕಾಲದ ಪೆಟ್ಟಿಗೆಯನ್ನು 4ಕೆ ಚಿತ್ರ ದಾಟುವುದಿಲ್ಲ. ಹಾಗಾಗಿ ಸ್ಟಿಕ್ ಟಿವಿಯಲ್ಲೇ ಇರಲಿ. ಸದ್ದು ಮಾತ್ರ ಆಪ್ಟಿಕಲ್ ಕೇಬಲ್ಲಿನಲ್ಲಿ ಟಿವಿಯಿಂದ ರಿಸೀವರಿಗೆ ಹೋಗಲಿ.

ಕೇಬಲ್ಲಿನ ಎರಡೂ ತುದಿಗೆ ಹುಣಸೆಬೀಜದಷ್ಟು ಪ್ಲಾಸ್ಟಿಕ್ ಟೊಪ್ಪಿ. ಪಾರದರ್ಶಕವಾದ್ದರಿಂದ ಕಣ್ಣಿಗೆ ಬೀಳುವುದೇ ಇಲ್ಲ. ಅದನ್ನು ಕಿತ್ತು, ತುದಿಯ ಕತ್ತರಿಸಿದ ಮೂಲೆಗಳನ್ನು ಬೆರಳಿನಿಂದ ಸವರಿ ನೋಡಿ, ಟಿವಿಯ ಬೆನ್ನಿಗೆ ಒತ್ತುತ್ತೇನೆ. ‘ಟಕ್’ ಎಂದು ಕೂತಿತು. ಇನ್ನೊಂದು ತುದಿಯನ್ನು ಅಂಗೈಗೆ ಹಿಡಿದರೆ, ಕುಂಕುಮದ ಬೊಟ್ಟಿನಂತೆ ಕೆಂಪು ಬೆಳಕು! ಇಡೀ ಸಿನಿಮಾದ ಸದ್ದು ಈ ಚುಕ್ಕೆಯಲ್ಲಿದೆ. ತೋಷಿಬಾ ಕಂಪನಿ 1983ರಲ್ಲಿ ತನ್ನ ಸಿಡಿ ಪ್ಲೇಯರುಗಳಿಗೆಂದು ತಂದ ಕೊಂಡಿ ಇದು. ಎಷ್ಟು ಸಲ ನೋಡಿದರೂ ನನಗೆ ಸಂತೋಷವೇ.

ರಿಸೀವರಿಗೆ ಚುಚ್ಚಿ, ಇನ್‌ಪುಟ್ಟನ್ನು ಆಪ್ಟಿಕಲ್‌ಗೆ ತಿರುಗಿಸಿ, ಟಿವಿಯ ಸ್ವಂತ ಸ್ಪೀಕರ್ ಆಫ್ ಮಾಡುತ್ತೇನೆ. ಸದ್ದು ಬಂತು, ದೊಡ್ಡದಾಗಿಯೇ ಬಂತು. ಅಮ್ಮನ ಮುಖ ಮಾತ್ರ ಬದಲಾಗಲಿಲ್ಲ.

ನಡುವಿನ ಸ್ಪೀಕರಿಗೆ ಕಿವಿ ಹಚ್ಚುತ್ತೇನೆ. ಮೌನ. ರಿಸೀವರಿನ ಮುಖದ ಮೇಲೆ ‘ಪಿಸಿಎಂ’ ಎಂದಿದೆ. ಅಂದರೆ ಟಿವಿ ಕಳಿಸುತ್ತಿರುವುದು ಎಡ, ಬಲ ಎರಡೇ ಧಾರೆ. 5.1 ಸಿನಿಮಾದಲ್ಲಿ ಮಾತಿಗೆ ಬಹುಪಾಲು ನಡುವಿನ ಸ್ಪೀಕರೇ ಮನೆ. ಆ ಮನೆಗೆ ಬೀಗ ಬಿದ್ದರೆ ಮಾತು ಸಂಗೀತದ ಜೊತೆ ಎಡಬಲಗಳಲ್ಲಿ ನುಗ್ಗಾಡಬೇಕು.

ಟಿವಿಯ ಸೌಂಡ್ ಸೆಟ್ಟಿಂಗಿಗೆ ಹೋಗಿ ಡಿಜಿಟಲ್ ಆಡಿಯೊ ಔಟ್‌ಪುಟ್ಟನ್ನು ಪಿಸಿಎಂನಿಂದ ಡಾಲ್ಬಿ ಡಿಜಿಟಲ್‌ಗೆ ಬದಲಿಸುತ್ತೇನೆ. ಸ್ಟಿಕ್ಕಿನಲ್ಲೂ ಅದನ್ನೇ ಹೇಳಬೇಕು. ಸ್ಟ್ರೀಮಿಂಗಿನಲ್ಲಿ ಹೆಚ್ಚಾಗಿ ಬರುವುದು ಡಾಲ್ಬಿ ಡಿಜಿಟಲ್ ಪ್ಲಸ್. ಅದು ಆಪ್ಟಿಕಲ್ ಕೇಬಲ್ಲಿನಲ್ಲಿ ಸಾಗುವುದಿಲ್ಲ. ಅರೆಕ್ಷಣ ಸದ್ದಡಗಿ, ರಿಸೀವರಿನ ಮೇಲೆ ‘ಡಾಲ್ಬಿ ಡಿಜಿಟಲ್’ ದೀಪ ಹೊತ್ತಿಕೊಂಡಿತು. ಹಿಂದಿನ ಸ್ಪೀಕರುಗಳಿಂದ ಕಾಡಿನ ಸದ್ದು ಕೋಣೆಯೊಳಕ್ಕೆ ಇಳಿಯಿತು.

ಇನ್ನೊಂದೇ ಕೆಲಸ. ರಿಸೀವರಿನ ಮೆನುವಿನಲ್ಲಿ ನಡುವಿನ ಸ್ಪೀಕರನ್ನಷ್ಟೇ 3 ಡೆಸಿಬೆಲ್ ಏರಿಸುತ್ತೇನೆ. ಸಂಗೀತ ಇದ್ದಲ್ಲೇ ಇದೆ, ಮಾತು ಒಂದು ಹೆಜ್ಜೆ ಮುಂದೆ ಬಂದು ನಿಂತಿದೆ.

ಅಮ್ಮ ಕನ್ನಡಕ ಸರಿಮಾಡಿಕೊಂಡಳು. ಐದು ನಿಮಿಷ ಏನೂ ಕೇಳಲಿಲ್ಲ. ಆಮೇಲೆ, “ಈಗ ತಿಳೀತಿದೆ ಕಣೋ. ಮೊದ್ಲಿಂದ ಹಾಕು.”

ನಿಮ್ಮ ಮನೆಯ ಅಟ್ಟದಲ್ಲೂ ಇಂಥದೊಂದು ಪೆಟ್ಟಿಗೆ ಇದ್ದರೆ, ಗುಜರಿಯವನಿಗೆ ಕೊಡುವ ಮುಂಚೆ ಅದರ ಬೆನ್ನು ತಿರುಗಿಸಿ ನೋಡಿ. ‘ಆಪ್ಟಿಕಲ್ ಇನ್’ ಎಂದು ಬರೆದಿದ್ದರೆ ದಯವಿಟ್ಟು ಕೊಡಬೇಡಿ.