ಕಬ್ಬಿನ ಬುಡದ ಕತ್ತಲ ಲೋಕ

ಕೊಲ್ಹಾಪುರದಿಂದ ನಿಪ್ಪಾಣಿಗೆ ಬರುವ ಹೆದ್ದಾರಿ ಯಮಗರ್ಣಿಯ ಬಳಿ ವೇದಗಂಗೆಯನ್ನು ದಾಟುತ್ತದೆ. ಅಲ್ಲಿಂದ ಸದಲಗಾದತ್ತ ಹೊರಳಿದರೆ ದೂಧಗಂಗೆ, ಚಿಕ್ಕೋಡಿ ತಾಲ್ಲೂಕಿನ ಯಡೂರಿಗೆ ಹೋದರೆ ಕೃಷ್ಣೆ. ಮುಂದೆ ರಾಯಬಾಗದ ಕುಡಚಿ, ಕಾಗವಾಡದ ಉಗಾರ, ಅಥಣಿಯ ಹೊಳೆದಂಡೆ. ಎತ್ತ ನೋಡಿದರೂ ಕಬ್ಬು. ಯಡೂರಿನ ವೀರಭದ್ರನ ದರ್ಶನಕ್ಕೆ ಬಂದವರು ಈ ಹಸಿರು ಕಂಡು ಹಿಗ್ಗುತ್ತಾರೆ. ರೈತನ ಚಿಂತೆ ಮಾತ್ರ ನೆಲದ ಕೆಳಗಿನದು.

ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ಆಳೆತ್ತರದ ಕಬ್ಬು ಕೆಲವೆಡೆ ಹಳದಿಗೆ ತಿರುಗುತ್ತದೆ. ನೀರು ಕಡಿಮೆಯಾಯಿತೇ, ಗೊಬ್ಬರ ಸಾಲದಾಯಿತೇ ಎಂಬ ಗುಮಾನಿ. ಕೈಯಿಂದ ಜಗ್ಗಿದರೆ ಬೇರಿಲ್ಲದ ಕಬ್ಬು ಸಲೀಸಾಗಿ ಕಿತ್ತು ಬರುತ್ತದೆ. ಬುಡದ ಹಸಿ ಮಣ್ಣು ಕೆದರಿದರೆ ಕಂದು ತಲೆಯ, ಬಿಳಿ ಮೈಯ ಹುಳು ಮುದುಡಿ ಮಲಗಿರುತ್ತದೆ. ಕನ್ನಡದಲ್ಲಿ ಗೊಣ್ಣೆ ಹುಳು, ಗಡಿಯ ಮರಾಠಿಯಲ್ಲಿ ಹುಮಣಿ. ಭಾಷೆ ಎರಡು, ಸಂಕಟ ಒಂದೇ.

ಇದು ದುಂಬಿಯೊಂದರ ಮರಿ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ದುಂಬಿಗಳು ನೆಲದಿಂದ ಎದ್ದು ಬರುತ್ತವೆ. ಕೆಲವು ಜಾತಿಯವು ಬೇವು, ಜಾಲಿಯ ಎಲೆ ಮೇಯುತ್ತವೆ; ಹೊಳೆದಂಡೆಯ ಇನ್ನೊಂದು ಜಾತಿಯ ದುಂಬಿ ಏನನ್ನೂ ತಿನ್ನುವುದಿಲ್ಲ. ಕೂಡಿ, ಮತ್ತೆ ಮಣ್ಣು ಸೇರಿ ಮೊಟ್ಟೆಯಿಡುತ್ತವೆ. ವರ್ಷಕ್ಕೆ ಒಂದೇ ಪೀಳಿಗೆ. ಬದುಕಿನ ಬಹುಭಾಗ ಕತ್ತಲಲ್ಲೇ ಕಳೆಯುತ್ತದೆ. ಆದ್ದರಿಂದಲೇ ಹುಳು ಕಣ್ಣಿಗೆ ಬೀಳುವಷ್ಟರಲ್ಲಿ ಬೆಳೆ ಕೈಬಿಟ್ಟಿರುತ್ತದೆ.

ಉಪಾಯಗಳಿಲ್ಲವೆಂದಲ್ಲ. ಮೊದಲ ಮಳೆಯ ಸಂಜೆ ಊರವರೆಲ್ಲ ಕೂಡಿ ಗಿಡ ಅಲುಗಿಸಿ ದುಂಬಿ ಆರಿಸಿ ಕೊಲ್ಲಬಹುದು. ಒಬ್ಬನ ಹೊಲದಲ್ಲಷ್ಟೇ ಮಾಡಿದರೆ ಫಲ ಕಡಿಮೆ. ದುಂಬಿಗೆ ಬದುವಿನ ಗಡಿ ಗೊತ್ತಿಲ್ಲ. ಬೇಸಿಗೆಯಲ್ಲಿ ಆಳವಾಗಿ ಉತ್ತರೆ ನೇಗಿಲ ಹಿಂದೆ ಬರುವ ಕಾಗೆ, ಬೆಳ್ಳಕ್ಕಿಗಳು ಹುಳು ಹೆಕ್ಕುತ್ತವೆ. ಮೆಟರೈಜಿಯಂ ಎಂಬ ಬೂಷ್ಟನ್ನು ತಿಪ್ಪೆಗೊಬ್ಬರದಲ್ಲಿ ಕಲಸಿ ಹಸಿ ಮಣ್ಣಿಗೆ ಸೇರಿಸುವುದೂ ಉಂಟು. ಅದು ತಗುಲಿದ ಹುಳು ಸತ್ತು, ಮೈಯೆಲ್ಲ ಹಸಿರು ಬೂಷ್ಟು ಹೊದೆಯುತ್ತದೆ.

ಅದೇ ಕತ್ತಲಲ್ಲಿ ಎರೆಹುಳುವೂ ಇದೆ. ತೊಗಲಿನಿಂದಲೇ ಉಸಿರಾಡುವ ಅದಕ್ಕೆ ತೇವವೇ ಜೀವ. ಒಣಗಿದ ರವದಿಯನ್ನು ಸುಡದೆ ಸಾಲಿನಲ್ಲಿ ಬಿಟ್ಟರೆ ಅದಕ್ಕೆ ಅನ್ನ, ನೆರಳು ಎರಡೂ. ಅದು ಕೊರೆದ ದಾರಿಯಲ್ಲಿ ಗಾಳಿ, ನೀರು ಬೇರಿಗಿಳಿಯುತ್ತವೆ. ಮಿತಿಮೀರಿ ನೀರು ಹಾಯಿಸಿ ಕೃಷ್ಣೆಯ ದಂಡೆಯ ಎಷ್ಟೋ ಹೊಲಗಳು ಸವಳು-ಜವಳಾಗಿವೆ. ಅಲ್ಲಿ ಎರೆಹುಳುವಿಗೂ ನೆಲೆಯಿಲ್ಲ. ಗೊಣ್ಣೆಯ ಸಿಟ್ಟಿಗೆ ಕಂಡಕಂಡಂತೆ ವಿಷ ಸುರಿದರೂ ಅದೇ ಗತಿ. ಶತ್ರುವಿನ ಪಕ್ಕದಲ್ಲೇ ಮಿತ್ರನ ಮನೆ.

ಈ ಸೀಮೆಗೆ ಹೋದಾಗ ಒಮ್ಮೆ ಬದುವಿನ ಮೇಲೆ ಕುಕ್ಕರಿಸಿ ಒಂದು ಹಿಡಿ ಮಣ್ಣು ಎತ್ತಿ ನೋಡಿ. ಹೊಲದ ಮುಂದಿನ ವರ್ಷದ ಭವಿಷ್ಯ ಅಲ್ಲಿ ಮಿಸುಕಾಡುತ್ತಿರುತ್ತದೆ.